ಕಿಡ್ನಿ ಕಸಿಗೆ ನೇಪಾಳಕ್ಕೋ ಶ್ರೀಲಂಕಾಕ್ಕೋ ಹೋದರೆ ಬೇಗ ಆಗುತ್ತದೆಯೇ?

ದಾವಣಗೆರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ನಿಮ್ಮ ಅಣ್ಣನಿಗೆ ಅತ್ತಿಗೆಯ ರಕ್ತದ ಗುಂಪು ಹೊಂದುತ್ತಿಲ್ಲ, ಅಕ್ಕಪಕ್ಕದ ದೇಶಗಳಲ್ಲಿ ದುಡ್ಡು ಕೊಟ್ಟರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದ್ದಾರೆ, ನಿಜವೇ ಎಂದು ಕೇಳಿದ್ದೀರಿ. ಹಾಗೆ ಹೇಳಿದವರಿಗೆ ನಿಮ್ಮ ಮನೆಯ ಹೊಸಿಲು ತುಳಿಯಲು ಬಿಡಬೇಡಿ. ನಾನು ಡಾಕ್ಟರಲ್ಲ. ಚಿತ್ರದುರ್ಗದವನು, ಅಕ್ಕನಿಗೆ ಅಮ್ಮನ ಕಿಡ್ನಿ ಹಾಕಿಸಲು ಬೆಂಗಳೂರಿಗೆ ಓಡಾಡಿ ಇಷ್ಟು ತಿಳಿದುಕೊಂಡವನು.

ಅಂಗ ಮಾರಾಟ ನಮ್ಮಲ್ಲಿ 1994ರ ಕಾಯಿದೆಯಿಂದ ಅಪರಾಧ. ನೇಪಾಳದಲ್ಲಿ 1998ರ ಕಾನೂನು, ಬಾಂಗ್ಲಾದೇಶದಲ್ಲಿ 1999ರದ್ದು, ಪಾಕಿಸ್ತಾನದಲ್ಲಿ 2007ರ ಸುಗ್ರೀವಾಜ್ಞೆ, ಅದೇ 2010ರಲ್ಲಿ ಕಾಯಿದೆಯಾಯಿತು. ಬದುಕಿರುವವರು ಕೊಡುವುದಾದರೆ ಎಲ್ಲ ಕಡೆಯೂ ಸಂಬಂಧಿಕರೇ ಕೊಡಬೇಕು ಎಂಬುದು ಮೂಲ ನಿಯಮ. ವ್ಯತ್ಯಾಸವಿರುವುದು ಯಾರು ಸಂಬಂಧಿಕರು ಎಂಬುದರಲ್ಲಿ. ಬಾಂಗ್ಲಾದೇಶ 2018ರಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳನ್ನೂ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು, ಇಷ್ಟೇ. ಭಾವಮೈದುನ ಕೊಡುತ್ತೇನೆಂದರೂ ಅನುಮತಿ ಸಮಿತಿಯ ಮುಂದೆ ನಿಲ್ಲಬೇಕು.

ತಮಾಷೆಯೆಂದರೆ ವ್ಯಾಪಾರ ಹರಿದದ್ದೇ ಉಲ್ಟಾ. ನೇಪಾಳದ ಹೊಕ್ಸೆ, ಬಾಂಗ್ಲಾದೇಶದ ಕಾಲಾಯ್ ಕಡೆಯ ಬಡವರನ್ನು ದಲ್ಲಾಳಿಗಳು ಭಾರತಕ್ಕೆ ಕರೆತಂದು ಕಿಡ್ನಿ ತೆಗೆಸಿದರು. ನಿಮಗೆ ಅಲ್ಲಿಗೆ ಹೋಗಿ ಎನ್ನುತ್ತಾರೆ, ಅಲ್ಲಿನವರಿಗೆ ಇಲ್ಲಿಗೆ ಬನ್ನಿ ಎನ್ನುತ್ತಾರೆ. ಶ್ರೀಲಂಕಾದ ಹೆಸರು ಹೇಳಿದವರಿಗೆ 2016ರ ಸುದ್ದಿ ನೆನಪಿಸಿ: ಭಾರತೀಯರಿಗೆ ಕಿಡ್ನಿ ಹಾಕಿದ ಜಾಲ ಬಯಲಾದಾಗ ಅಲ್ಲಿನ ಸರ್ಕಾರ ವಿದೇಶಿಯರ ಕಸಿಯನ್ನೇ ತಡೆಹಿಡಿದಿತ್ತು. ಆ ದೇಶದಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. 1961ರಲ್ಲಿ ಹಡ್ಸನ್ ಸಿಲ್ವಾ ಕಟ್ಟಿದ ನೇತ್ರದಾನ ಸಂಘ ಹೊರದೇಶಗಳಿಗೂ ಕಣ್ಣು ಕಳುಹಿಸುತ್ತ ಬಂದಿದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮವರೂ ನೇತ್ರದಾನಕ್ಕೆ ಮುಗಿಬಿದ್ದರು, ನಿಜ. ಆದರೆ ಕಣ್ಣನ್ನು ಹೃದಯ ನಿಂತ ಮೇಲೂ ತೆಗೆಯಬಹುದು. ಕಿಡ್ನಿಗಾದರೆ ಐಸಿಯುನಲ್ಲಿ ಮಿದುಳು ಸತ್ತು, ಹೃದಯ ಇನ್ನೂ ಬಡಿಯುತ್ತಿರುವಾಗಲೇ ಮನೆಯವರು ಒಪ್ಪಬೇಕು. ಸಂಚಾರಿ ವಿಜಯ್ ಅವರ ಮನೆಯವರು 2021ರಲ್ಲಿ ಒಪ್ಪಿದ್ದು ಅಂಥ ಗಳಿಗೆಯಲ್ಲಿ.

ಈ ವಿಷಯದಲ್ಲಿ ನೆರೆಯವರಲ್ಲಿ ಹಲವರು ನಮಗಿಂತ ಹಿಂದೆ. ನೇಪಾಳದಲ್ಲಿ ಮಿದುಳು ಸತ್ತವರಿಂದ ಮೊದಲ ಕಿಡ್ನಿ ಕಸಿಯಾದದ್ದು 2017ರಲ್ಲಿ, ಬಾಂಗ್ಲಾದೇಶದಲ್ಲಿ 2023ರಲ್ಲಿ, ಸಾರಾ ಇಸ್ಲಾಂ ಎಂಬ 20 ವರ್ಷದ ಯುವತಿಯಿಂದ. ಕರಾಚಿಯ ಅದೀಬ್ ರಿಜ್ವಿಯವರ ಸಂಸ್ಥೆ ಬಡವರಿಗೆ ಪೂರ್ತಿ ಉಚಿತವಾಗಿ ಕಸಿ ಮಾಡುತ್ತದೆ, ಅದಕ್ಕೆ ಕೈಮುಗಿಯಬೇಕು. ಅಲ್ಲಿಯೂ ಕಿಡ್ನಿ ಬಹುಪಾಲು ಮನೆಯವರದೇ.

ನಮ್ಮಲ್ಲಿ ಕಾಗದಪತ್ರದ ಕಾಟ ವಿಪರೀತ. ನಾಡಕಚೇರಿಯಿಂದ ವಂಶವೃಕ್ಷ ತಂದರೆ ಅದರಲ್ಲಿ ಅಮ್ಮನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಸಿಟ್ಟು ಬಂದಿತ್ತು. ಆಸ್ಪತ್ರೆಯ ಕೋಣೆಯೊಂದರಲ್ಲಿ ಅಮ್ಮನೊಬ್ಬಳನ್ನೇ ಕೂರಿಸಿಕೊಂಡು, ಕ್ಯಾಮೆರಾ ಇಟ್ಟು, ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿದರಂತೆ. ‘ಮಗಳು ಬೇಡವೆಂದು ಅತ್ತಳು, ನಾನೇ ಗದರಿದೆ’ ಎಂದಳಂತೆ. ಕೊಡುವವರಲ್ಲಿ ಹೆಚ್ಚಿನವರು ಹೆಂಗಸರೇ ಆಗಿರುವ ದೇಶದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕು. ಕಾಗದದ ಮೇಲಿನ ಸಿಟ್ಟು ಇಳಿದಿಲ್ಲ, ಆದರೆ ಆ ಕೋಣೆ ಇರಲಿ ಎನ್ನುತ್ತೇನೆ.

ಇನ್ನು ನಿಮ್ಮ ಅಣ್ಣನ ಮಾತು. ರಕ್ತದ ಗುಂಪು ಹೊಂದದಿದ್ದರೆ ಬಾಗಿಲು ಮುಚ್ಚಿಲ್ಲ. ನಿಮ್ಮಂಥದೇ ತೊಂದರೆಯಿರುವ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ, ‘ಸ್ವಾಪ್’ ಎಂದು ಕೇಳಿ. ಜತೆಗೇ ಕಸಿ ಮಾಡುವ ಆಸ್ಪತ್ರೆಯೊಂದರ ಮೂಲಕ ತೀರಿಕೊಂಡವರ ಅಂಗ ಹಂಚುವ ನಮ್ಮ ರಾಜ್ಯದ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಿ. ಸ್ವಾಪ್ ಸಿಗುವವರೆಗೆ ಇದನ್ನು ಮುಂದೂಡಬೇಡಿ, ಹೆಸರು ಬರೆಸದೆ ಸರದಿ ಬರುವುದಿಲ್ಲ. ಬೆಂಗಳೂರಿನ ಪಟ್ಟಿಯಾದರೆ ಕರೆ ಬಂದೊಡನೆ ಹೊರಡಬೇಕು, ದಾವಣಗೆರೆಯಿಂದ ನಾಲ್ಕೈದು ಗಂಟೆಯ ದಾರಿ. ರಾತ್ರಿ ಮೊಬೈಲ್ ಆಫ್ ಮಾಡಬೇಡಿ, ಗಾಡಿಯವರೊಬ್ಬರಿಗೆ ಮೊದಲೇ ಹೇಳಿಡಿ.

ಇನ್ನೊಂದು ಮಾತು, ಇದನ್ನು ನಮಗೆ ತಡವಾಗಿ ಹೇಳಿದರು. ಹಿಮೋಗ್ಲೋಬಿನ್ ಇಳಿದಾಗ ಸುಲಭವೆಂದು ಪದೇ ಪದೇ ರಕ್ತ ಹಾಕಿಸಿದರೆ ಮೈಯಲ್ಲಿ ಬೇರೆಯವರ ಅಂಗವನ್ನು ಎದುರಿಸುವ ಪ್ರತಿಕಾಯಗಳು ಬೆಳೆದು ಮುಂದೆ ಹೊಂದುವ ಕಿಡ್ನಿ ಸಿಗುವುದೇ ಕಷ್ಟವಾಗಬಹುದು. ಇಂಜೆಕ್ಷನ್‌ನಲ್ಲಿ ಸರಿಹೋಗುವುದೇ ಎಂದು ಮುಂದಿನ ಡಯಾಲಿಸಿಸ್ ದಿನವೇ ನೆಫ್ರಾಲಜಿಸ್ಟರನ್ನು ಕೇಳಿ.