ಬೇಕಲ ಕೋಟೆಗೆ ಜೊಂಬಿ ಬಂದರೆ ಯಾರನ್ನು ಹೊರಗೆ ಹಾಕುತ್ತೀರಿ?

ಪ್ರಶ್ನೆ: ನಾನೊಂದು ಜೊಂಬಿ ಕಥೆ ಬರೆಯುತ್ತಿದ್ದೇನೆ. ಸತ್ತವರು ಎದ್ದು ಬಂದು ಕಚ್ಚುತ್ತಾರೆ, ಕಚ್ಚಿಸಿಕೊಂಡವರೂ ಜೊಂಬಿಗಳಾಗುತ್ತಾರೆ. ಬದುಕಿ ಉಳಿದ ನಲವತ್ತು ಮಂದಿ ಕಾಸರಗೋಡಿನ ಕಡಲತೀರದ ಬೇಕಲ ಕೋಟೆ ಸೇರುತ್ತಾರೆ. ಅವರಿಗೊಬ್ಬ ಯಜಮಾನ. ಕಚ್ಚಿಸಿಕೊಂಡವರನ್ನು ಮಾತ್ರವಲ್ಲ, ಜ್ವರ ಬಂದವರನ್ನೂ ಹೊರಗೆ ಹಾಕುವುದು ಅವನ ನಿಯಮ. ‘ಇಷ್ಟು ಕ್ರೂರಿ ಯಾರೂ ಇರಲ್ಲ’ ಅಂತ ಗೆಳತಿ ಹೇಳುತ್ತಾಳೆ. ಕಟ್ಟುನಿಟ್ಟು ಇಲ್ಲದಿದ್ದರೆ ಎಲ್ಲರೂ ಸಾಯುವುದಿಲ್ಲವೇ? ಯಜಮಾನನಿಗೆ ಬಂದೂಕು ಕೊಡಲೇ?
– ಪದವಿ ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಇಂಥ ಯಜಮಾನ ಇರಬಹುದು. ಅವನ ನಿಯಮದಿಂದ ಕೋಟೆ ಉಳಿಯುತ್ತದೆ ಅನ್ನುವುದನ್ನು ಮಾತ್ರ ನಾನು ನಂಬಲಾರೆ.

ಜ್ವರ ಅಂತ ಬಾಯಿಬಿಟ್ಟರೆ ಜೊಂಬಿಗಳ ಬಾಯಿಗೆ ಬೀಳಬೇಕು ಅಂತಾದರೆ ಯಾರು ತಾನೇ ಹೇಳುತ್ತಾರೆ? ತಾಯಿ ಮಗುವಿನ ಮೈಬಿಸಿಯನ್ನು ಮುಚ್ಚಿಡುತ್ತಾಳೆ. ಕಚ್ಚಿಸಿಕೊಂಡವನು ತುಂಬುತೋಳಿನ ಅಂಗಿ ಹಾಕುತ್ತಾನೆ. ಗಾಯ ಬಚ್ಚಿಡುವ ಪಾತ್ರ ಜೊಂಬಿ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಅಲ್ವಾ? ನಾವು ಅವನನ್ನು ಸ್ವಾರ್ಥಿ ಅಂತ ಬೈದು ಸುಮ್ಮನಾಗುತ್ತೇವೆ. ಬಚ್ಚಿಡುವಂತೆ ಮಾಡಿದ್ದು ಆ ನಿಯಮವೇ. ಬೇರೆ ಕೋಣೆ, ಹೊತ್ತಿಗೆ ಸರಿಯಾಗಿ ಗಂಜಿ, ಬಾಗಿಲಲ್ಲಿ ಪಾಳಿಯ ಕಾವಲು, ಗುಣವಾದರೆ ವಾಪಸ್ ಬರಬಹುದೆಂಬ ಮಾತು ಇದ್ದರೆ ಎಷ್ಟೋ ಜನ ತಾವಾಗಿಯೇ ಹೇಳಿಯಾರು. ಅಪಾಯ ಆಗ ಕಣ್ಣೆದುರು ಇರುತ್ತದೆ.

ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಿನಿಮಾ ನೋಡಿ. ತೋಟದ ಮನೆಯಲ್ಲಿ ಸಿಕ್ಕಿಕೊಂಡವರು ನೆಲಮಾಳಿಗೆಗೆ ಇಳಿಯುವುದೋ ಮೇಲೆಯೇ ಇರುವುದೋ ಅಂತ ಜಗಳವಾಡುತ್ತಾರೆ. ನಿಜವಾದ ಜಗಳ ಯಾರ ಮಾತು ನಡೆಯಬೇಕು ಅನ್ನುವುದು. ಅಷ್ಟರಲ್ಲಿ ಕಚ್ಚಿಸಿಕೊಂಡ ಹುಡುಗಿ ಅದೇ ನೆಲಮಾಳಿಗೆಯಲ್ಲಿ ಮಲಗಿದ್ದಾಳೆ. ರಾತ್ರಿ ಹೇಗೋ ಬದುಕಿದ ನಾಯಕನನ್ನು ಕೊನೆಗೆ ಕೊಲ್ಲುವುದು ಜೊಂಬಿ ಅಲ್ಲ. ಬೆಳಿಗ್ಗೆ ಕೋವಿ ಹಿಡಿದು ಬಂದ ಗುಂಪು ಅವನನ್ನೂ ಜೊಂಬಿ ಅಂದುಕೊಂಡು ಗುಂಡು ಹಾರಿಸುತ್ತದೆ.

ಅಷ್ಟು ದೂರ ಯಾಕೆ, ಕಾಸರಗೋಡು–ಮಂಗಳೂರು ದಾರಿಯ ಗಡಿಯಲ್ಲಿರುವ ನಮ್ಮ ತಲಪಾಡಿಯನ್ನೇ ನೆನಪಿಸಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಕರ್ನಾಟಕವು ಕೇರಳದ ಗಡಿ ಮುಚ್ಚಿತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನವರ ಆಂಬುಲೆನ್ಸ್‌ಗಳೂ ನಿಂತವು. ವಿಷಯ ಕೋರ್ಟಿಗೆ ಹೋಯಿತು. ಆ ಕಡೆ ಅಪಾಯ ಕಡಿಮೆಯಾಯಿತು ಅಂತಲೇ ಇಟ್ಟುಕೊಳ್ಳಿ, ಈ ಕಡೆಯ ಹೃದ್ರೋಗಿಗೆ ಜಾಸ್ತಿಯಾಯಿತು. ಗೇಟು ಹಾಕುವವನು ಒಬ್ಬ, ಅದರ ಕಷ್ಟ ತಿನ್ನುವವನು ಇನ್ನೊಬ್ಬ. ನಿಮ್ಮ ಕಥೆಯ ಜೀವ ಇಲ್ಲಿದೆ.

ಹಾಗಾಗಿ ಮೊದಲು ಯಾರನ್ನು ಹೊರಗೆ ಹಾಕುತ್ತಾರೆ ಅಂತ ಯೋಚಿಸಿ. ಯಜಮಾನನ ಅಣ್ಣನ ಮಗನಿಗೆ ಜ್ವರ ಬಂದರೆ ‘ಬಿಸಿಲು ತಾಗಿದ್ದು’. ಹೆಂಚಿನ ಕಾರ್ಖಾನೆಗೆ ದುಡಿಯಲು ಬಂದ ಹೊರಗಿನ ಹುಡುಗನಿಗೆ ಬಂದರೆ ಅದು ರೋಗ. ಸಮುದಾಯಗಳು ಯಾವುದನ್ನು ಅಪಾಯ ಅನ್ನುತ್ತವೆ ಅನ್ನುವುದರಲ್ಲಿ ಯಾರನ್ನು ದೂರ ಇಡಬೇಕೆಂಬ ಲೆಕ್ಕವೂ ಇರುತ್ತದೆ. ಮೇರಿ ಡಗ್ಲಸ್ ಎಂಬ ಮಾನವಶಾಸ್ತ್ರಜ್ಞೆ ಇದನ್ನು ವಿವರವಾಗಿ ಬರೆದಿದ್ದಾರೆ.

ಗೆಳತಿಯ ಮಾತಲ್ಲೂ ಸತ್ಯವಿದೆ. ವಿಪತ್ತುಗಳನ್ನು ಅಧ್ಯಯನ ಮಾಡಿದವರು ಕಂಡಂತೆ, ಆಪತ್ತಿನಲ್ಲಿ ಜನ ಒಬ್ಬರನ್ನೊಬ್ಬರು ತುಳಿಯುವುದಕ್ಕಿಂತ ನೆರವಾಗುವುದೇ ಹೆಚ್ಚು. 2018ರ ಕೇರಳದ ಪ್ರವಾಹದಲ್ಲಿ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಹೊರಟರಲ್ಲ! ಅಂಥವರು ನಾಲ್ಕೈದು ಮಂದಿ ಕೋಟೆಯೊಳಗೆ ಇರಲಿ. ಯಜಮಾನನಿಗೆ ಜೊಂಬಿಗಿಂತ ಇವರ ಮೇಲೆಯೇ ಅನುಮಾನ ಜಾಸ್ತಿ ಇರುತ್ತದೆ.

ಬಂದೂಕು ಬೇಡ. ಬೇಕಲ ಕೋಟೆಯೊಳಗೆ ಮೆಟ್ಟಿಲಿಳಿದು ಹೋಗುವ ನೀರಿನ ಕೊಳ ಇದೆ. ಹೊರಗೆ ಉಪ್ಪುನೀರಿನ ಕಡಲು. ಯಾರಿಗೆ ದಿನಕ್ಕೆ ಎಷ್ಟು ಕೊಡ ನೀರು ಅನ್ನುವುದನ್ನು ನಿರ್ಧರಿಸುವ ಅಧಿಕಾರ ಅವನಿಗೆ ಕೊಡಿ, ಸಾಕು.