ಕಲ್ಯಾಣಿಯ ಹಸಿರೆಲ್ಲ ಪಾಚಿಯಲ್ಲ

ಚಿಕ್ಕಬಳ್ಳಾಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಊರ ಕಲ್ಯಾಣಿಯನ್ನು ಯುವಕರು ತೊಳೆಯಲು ಹೊರಟರೆ, ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ‘ಕಲ್ಲಿನ ಹಸಿರು ಕೆರೆಯಬೇಡಿ, ಅದು ಲಿವರ್‌ವರ್ಟ್’ ಎಂದು ತಡೆದರಂತೆ. (ಲಿವರ್‌ವರ್ಟ್ ಎಂದರೆ ಒದ್ದೆ ಕಲ್ಲು, ಮಣ್ಣಿಗೆ ಅಂಟಿ ಬೆಳೆಯುವ, ಹೂಬಿಡದ ಪುಟ್ಟ ಹಸಿರು ಗಿಡ.) ಪಾಚಿಗೂ ಇಷ್ಟು ಮರ್ಯಾದೆಯೇ ಎಂಬುದು ಅವರ ಪ್ರಶ್ನೆ.

ಮೆಟ್ಟಿಲು ಜಾರುತ್ತದೆ, ನಿಜ. ಕಾಲಿಡುವ ಜಾಗ ಉಜ್ಜಿ. ಆದರೆ ಮೇಷ್ಟ್ರ ಮಾತಿಗೆ ಕಿವಿಗೊಡಿ ಸ್ವಾಮಿ.

ಪಾಚಿ ಉಗುರಿಗೆ ಲೋಳೆಯಾಗಿ ಬರುತ್ತದೆ. ಲಿವರ್‌ವರ್ಟ್ ಇಂಥ ಕಲ್ಲಿನ ಮೇಲೆ ಹೆಚ್ಚಾಗಿ ಚಪ್ಪಟೆ ಪಟ್ಟಿ. ತುದಿ ಕವಲೊಡೆದು ಎರಡಾಗುತ್ತಾ ಹೋಗುತ್ತದೆ. ಮಾರ್ಕಾಂಟಿಯ ಎಂಬ ಬಗೆಗೆ ಮಸೂರ ಹಿಡಿದರೆ ಮೈಮೇಲೆ ಸೂಜಿ ಚುಚ್ಚಿದಂಥ ಗಾಳಿರಂಧ್ರಗಳು, ಪುಟ್ಟ ಬಟ್ಟಲುಗಳು, ಬಟ್ಟಲೊಳಗೆ ಹಸಿರು ಬಿಲ್ಲೆಗಳು ಕಾಣುತ್ತವೆ. ಮಳೆಹನಿ ಬಿದ್ದರೆ ಬಿಲ್ಲೆ ಸಿಡಿದು ಪಕ್ಕದ ಕಲ್ಲಿನಲ್ಲಿ ಹೊಸ ಗಿಡವಾಗುತ್ತದೆ. ಟಾರ್ಜಿಯೋನಿಯ ಎಂಬ ಇನ್ನೊಂದು ಬಗೆ ಬೇಸಿಗೆಯಲ್ಲಿ ಅಂಚು ಮಡಚಿ ಕಪ್ಪಗೆ ಮುರುಟಿಕೊಳ್ಳುತ್ತದೆ. ಸತ್ತಿದೆಯೆಂದು ಕಿತ್ತೆಸೆಯುವುದು ಆಗಲೇ. ಒಂದು ಮಳೆ ಬಿದ್ದರೆ ಅದೇ ಮತ್ತೆ ಹಸಿರಾಗಿ ಬಿಚ್ಚಿಕೊಳ್ಳುತ್ತದೆ.

ಇವಕ್ಕೆ ಬೇರಿಲ್ಲ. ಒಂದೇ ಕೋಶದ ಕೂದಲೆಳೆಗಳಿಂದ ಕಲ್ಲನ್ನು ಹಿಡಿದು, ಇಡೀ ಮೈಯಿಂದ ನೀರು ಹೀರುತ್ತವೆ. ಹಾಗಾಗಿ ಬ್ಲೀಚಿಂಗ್ ಪೌಡರ್ ಹಾಕಿದರೆ ನೇರ ಒಳಕ್ಕೇ ಇಳಿಯುತ್ತದೆ. ಪ್ರೆಷರ್ ಪಂಪು ಎಳೆಗಳನ್ನೇ ಕತ್ತರಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಲ್ಲಿನ ಸಂದಿಗೆ ಸಿಮೆಂಟು ಮೆತ್ತುವುದು: ಒಸರು ನಿಂತು ಗೋಡೆಯ ಹಸಿರೆಲ್ಲ ಒಣಗುತ್ತದೆ. ತೆಂಗಿನ ನಾರು, ಬರೀ ನೀರು ಸಾಕು. ಮೆಟ್ಟಿಲಿನ ನಿಂತ ಮುಖ, ಸಂದಿ, ನೆರಳಿನ ಗೋಡೆ ಬಿಟ್ಟುಬಿಡಿ. ಗೋಡೆ ರಿಪೇರಿ ಮಾಡಲೇಬೇಕಾದರೆ ಒಂದೊಂದು ಮಾರು ಬಿಟ್ಟು ಮಾಡಿ, ಉಳಿದ ತೇಪೆಯಿಂದ ಮತ್ತೆ ಹಬ್ಬಲಿ.

ಲಾಹೋರಿನಲ್ಲಿ ಪಾಠ ಹೇಳುತ್ತಿದ್ದ ಸಸ್ಯಶಾಸ್ತ್ರಜ್ಞ ಶಿವರಾಮ ಕಶ್ಯಪ್ (1882–1934) ಹಿಮಾಲಯದ ಒದ್ದೆ ಇಳಿಜಾರುಗಳನ್ನು ಜಾಲಾಡಿ ಸೆವಾರ್ಡಿಯೆಲ್ಲ ಎಂಬ ಲಿವರ್‌ವರ್ಟನ್ನು ಲೋಕಕ್ಕೆ ಪರಿಚಯಿಸಿದರು. ಅದು ಮಣ್ಣೊಳಗೆ ಗೆಡ್ಡೆಯಾಗಿ ಒಣ ತಿಂಗಳು ಕಳೆಯುತ್ತದೆ. ಇಂದು ಅಳಿವಿನ ಭೀತಿಯ ಪಟ್ಟಿಯಲ್ಲಿದೆ. ನಿಮ್ಮ ಕಲ್ಯಾಣಿಯಲ್ಲಿ ಅದು ಸಿಗುವುದಿಲ್ಲ. ಆದರೆ ಇಳಿಜಾರಿನ ಮಣ್ಣು ಕೆರೆದರೆ ಗೆಡ್ಡೆಯೂ ಹೋಯಿತು. ಅಲ್ಲಿ ಗುದ್ದಲಿ ಮಾಡುವುದನ್ನು ಇಲ್ಲಿ ತಂತಿಬ್ರಷ್ ಮಾಡುತ್ತದೆ.

ನಮ್ಮ ಪರಿಸರಪ್ರೇಮ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಮರವಿಲ್ಲದ ಬಂಡೆ ಕಂಡರೆ ‘ಬಂಜರು’ ಎನ್ನುತ್ತೇವೆ, ಹಿಂದೆಯೇ ಕ್ವಾರಿಯ ಲಾರಿ ಬರುತ್ತದೆ. ಕಾಲೇಜಿನ ಮಕ್ಕಳು ಬಾಟಲಿಯಲ್ಲಿ ಬಿಳಿಚಿದ ಮಾರ್ಕಾಂಟಿಯ ನೋಡಿ ಚಿತ್ರ ಬರೆದು ಅಂಕ ಪಡೆಯುತ್ತಾರೆ. ಊರ ಬಾವಿಯ ಒಳಗೋಡೆಗೆ ಬಗ್ಗಿ ನೋಡಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ನಿಮ್ಮೂರ ಮೇಷ್ಟ್ರು ಹೇಳುತ್ತಿದ್ದಾರೆ. ಅಂಥವರು ಸಿಕ್ಕಿದ್ದು ನಿಮ್ಮ ಪುಣ್ಯ.

ಕೆಲಸಕ್ಕೆ ಇಳಿಯುವ ದಿನ ಅವರನ್ನೇ ಮುಂದೆ ಬಿಡಿ. ಯಾವ ಕಲ್ಲು ಮುಟ್ಟಬಾರದೋ ಅದರ ಪಕ್ಕ ಸೀಮೆಸುಣ್ಣದ ಗೆರೆ ಎಳೆಯಲಿ, ಆಮೇಲೆ ನೀವು ಬಕೀಟು ಎತ್ತಿ.

— ಸಂ.