ಓದುಗರ ಪ್ರಶ್ನೆ: ಮೊದಲ ಪಿಸ್ತೂಲು ಕೊಳ್ಳುವ ಮುನ್ನ

ಕಾರವಾರದಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಹತ್ತು ಮೀಟರ್ ಪಿಸ್ತೂಲು ಕಲಿಸುವ ನನಗೆ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ತೋಟ, ಗದ್ದೆ ಕಾಯುವ ಕೋವಿ ನಮ್ಮ ಜಿಲ್ಲೆಗೆ ಹಳೆಯದು. ಗುರಿ ಆಟಕ್ಕೆಂದು ಪಿಸ್ತೂಲು ಕೊಳ್ಳುವ ಮನೆಗಳು ಮಾತ್ರ ಈಗೀಗ ಹೆಚ್ಚುತ್ತಿವೆ. ಹಣ ದೊಡ್ಡದು, ತಪ್ಪು ಸಲಹೆ ಕೊಡುವವರು ಬಹಳ. ಅದಕ್ಕಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದ ಅನುಭವವಿದೆ. ಈಗ ರೇಂಜ್‌ನಲ್ಲಿ ಪಿಸ್ತೂಲು ಅಭ್ಯಾಸ ಆರಂಭಿಸಿದ್ದೇನೆ. ಈ ವರ್ಷದ ಅಡಿಕೆ ಮಾರಾಟವಾದ ಮೇಲೆ ಸ್ವಂತ ಪಿಸ್ತೂಲು ಕೊಡಿಸುವುದಾಗಿ ಅಪ್ಪ ಒಪ್ಪಿದ್ದಾರೆ. ಅಣ್ಣ ಮಾತ್ರ "ಏರ್ ಪಿಸ್ತೂಲು ಆಟಿಕೆ, ಕೊಳ್ಳುವುದಾದರೆ .22 ಕೊಳ್ಳು" ಎನ್ನುತ್ತಾನೆ. ಏನು ಮಾಡಲಿ?
— ಓದುಗರು, ಶಿರಸಿ

ಉತ್ತರ: ಏರ್ ಪಿಸ್ತೂಲನ್ನೇ ಕೊಳ್ಳಿ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಒತ್ತಿದ ಗಾಳಿಯಿಂದ ಪೆಲೆಟ್ ಎಂಬ ಪುಟ್ಟ ಸೀಸದ ಗುಂಡು ಹೊಡೆಯುವ, ನಿಮ್ಮ ಅಣ್ಣ ಆಟಿಕೆ ಎನ್ನುವ ಈ 4.5 ಮಿ.ಮೀ. ಪಿಸ್ತೂಲಿನಿಂದಲೇ ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದರು. ಒಂದು ಒಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದದ್ದೂ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿಯೇ. ಗುರಿಹಲಗೆಯ ಹತ್ತರ ವೃತ್ತ ಕೇವಲ 11.5 ಮಿ.ಮೀ. ಅಗಲ, ಅಂದರೆ ಒಂದು ರೂಪಾಯಿ ನಾಣ್ಯದ ಸುಮಾರು ಅರ್ಧ. ಹತ್ತು ಮೀಟರ್ ದೂರದಿಂದ, ಒಂದೇ ಕೈ ಚಾಚಿ, ಅಂಥ ಅರವತ್ತು ಹೊಡೆತಗಳನ್ನು 75 ನಿಮಿಷಗಳೊಳಗೆ ಮುಗಿಸಬೇಕು. ಅಣ್ಣನನ್ನು ಒಮ್ಮೆ ರೇಂಜ್‌ಗೆ ಕರೆದುಕೊಂಡು ಹೋಗಿ, ಹತ್ತು ಹೊಡೆತ ಹೊಡೆಯಲು ಹೇಳಿ. ಅಷ್ಟು ಸಾಕು.

ಕಾನೂನಿನ ಕಾರಣವೂ ಇದೆ. ಗುಂಡಿನ ಅಳತೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲುಗಳ ಶಕ್ತಿ ಆರೇಳು ಜೂಲ್ ಆಸುಪಾಸು ಅಷ್ಟೆ. .22 ಹಾಗಲ್ಲ. ಅದು ತೋಟೆ ಸಿಡಿಯುವ ಆಯುಧ. ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸ್, ಪೊಲೀಸ್ ಪರಿಶೀಲನೆ, ತೋಟೆಗಳಿಗೆ ಮಿತಿ ಎಲ್ಲವೂ ಅದಕ್ಕೆ ಅಂಟಿಕೊಂಡು ಬರುತ್ತವೆ. ಸಾಮಾನ್ಯ ಲೈಸೆನ್ಸ್‌ಗೆ ನಿಮಗೆ 21 ತುಂಬಿರಬೇಕು. ಮಹಿಳೆಯರ 25 ಮೀಟರ್ ಸ್ಪರ್ಧೆಗೆ .22 ಬೇಕಾಗುತ್ತದೆ ನಿಜ. ಏರ್ ಪಿಸ್ತೂಲಿನಲ್ಲಿ ಕೈ ಕುದುರಿದವರು ಅಲ್ಲಿಗೆ ಸುಲಭವಾಗಿ ಹೋಗುತ್ತಾರೆ. ಸದ್ದಿಗೆ, ಗುಂಡು ಸಿಡಿದಾಗಿನ ಹಿಂದೊದೆತಕ್ಕೆ ಬೆಚ್ಚಿ ಟ್ರಿಗರ್ ಕಿತ್ತೆಳೆಯುವ ಚಟ ಮೊದಲೇ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ.

ಇನ್ನು ಯಾವ ಏರ್ ಪಿಸ್ತೂಲು ಎಂಬುದು. ಮೊರಿನಿ, ಸ್ಟೈಯರ್, ಪಾರ್ಡಿನಿ, ವಾಲ್ಥರ್, ಫೈನ್‌ವೆರ್ಕ್‌ಬೌ ಎಂದು ಅಂಗಡಿಯವರು ಹೆಸರುಗಳ ಮಳೆ ಸುರಿಸುತ್ತಾರೆ. ಇವೆಲ್ಲವೂ ಉತ್ತಮ ಪಿಸ್ತೂಲುಗಳೇ. ಯಂತ್ರಕ್ಕೆ ಕಟ್ಟಿ ಹೊಡೆದರೆ ಇವುಗಳ ನಡುವಿನ ವ್ಯತ್ಯಾಸ ನಿಮ್ಮ ಅಂಕಗಳಲ್ಲಿ ಕಾಣುವುದೇ ಇಲ್ಲ. ವ್ಯತ್ಯಾಸ ಇರುವುದು ಹಿಡಿಕೆಯಲ್ಲಿ ಮತ್ತು ಟ್ರಿಗರ್‌ನಲ್ಲಿ. ಹಿಡಿಕೆ ಬಲಗೈ, ಎಡಗೈಗೆ ಬೇರೆ ಬೇರೆ ಇರುತ್ತದೆ. ಸಣ್ಣ, ಮಧ್ಯಮ, ದೊಡ್ಡ ಅಳತೆಗಳೂ ಇರುತ್ತವೆ. ರೇಂಜ್‌ನ ಹಳೆಯ ಪಿಸ್ತೂಲುಗಳಿಗೆ ಸಾಮಾನ್ಯವಾಗಿ ಗಂಡಸರ ಕೈಗೆ ಹೊಂದುವ ಹಿಡಿಕೆಯೇ ಇರುತ್ತದೆ. ಸಣ್ಣ ಕೈಯ ಹುಡುಗಿಯರು ಅದನ್ನು ಹಿಡಿದು, ಬೆರಳು ಟ್ರಿಗರ್ ಮುಟ್ಟಲೆಂದು ಮಣಿಕಟ್ಟು ತಿರುಚಿ, "ನನಗೆ ಈ ಆಟ ಬರುವುದಿಲ್ಲ" ಎಂದು ಬಿಟ್ಟುಹೋಗುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ. ತಪ್ಪು ಅವರದಲ್ಲ, ಮರದ ತುಂಡಿನದು.

ಪರೀಕ್ಷೆ ಸರಳ. ಗುಂಡಿಲ್ಲದ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ, ಗುರಿಯತ್ತ ಕೈ ಎತ್ತಿ, ನಿಧಾನವಾಗಿ ಉಸಿರು ಬಿಟ್ಟು ಕಣ್ಣು ತೆರೆಯಿರಿ. ನಳಿಗೆಯ ಮುಂದಿನ ಗುರಿಕಡ್ಡಿ (ಮುಂಗಡ್ಡಿ) ಹಿಂದಿನ ಕಚ್ಚಿನ ನಡುವೆ ತಾನಾಗಿಯೇ ಕುಳಿತಿರಬೇಕು. ಪ್ರತಿ ಸಲವೂ ಎಡಕ್ಕೋ ಬಲಕ್ಕೋ ಓಡುತ್ತಿದ್ದರೆ ಹಿಡಿಕೆ ನಿಮ್ಮದಲ್ಲ. ಮುಂಗಡ್ಡಿಗೂ ಹಿಂದಿನ ಕಚ್ಚಿಗೂ ನಡುವಿನ ಅಂತರ 32 ಸೆಂ.ಮೀ. ಇರುವ ಪಿಸ್ತೂಲಿನಲ್ಲಿ ಮುಂಗಡ್ಡಿ ಒಂದೇ ಮಿ.ಮೀ. ಸರಿದರೂ ಹತ್ತು ಮೀಟರಿನಾಚೆ ಪೆಲೆಟ್ ಸುಮಾರು 30 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಹತ್ತು ಆಗಬೇಕಾದದ್ದು ಏಳಾಗುತ್ತದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು. ಬೆರಳಿನ ಉಳಿದ ಭಾಗ ಹಿಡಿಕೆಯ ಮರಕ್ಕೆ ತಾಗಬಾರದು. ನಿಯಮದಂತೆ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಎತ್ತಬೇಕು. ಆ ಭಾರದಲ್ಲಿಯೂ ಅದು ಮೊದಲ ಹಂತ, ಎರಡನೆಯ ಹಂತ ಎಂದು ಸ್ಪಷ್ಟವಾಗಿ ಬೆರಳಿಗೆ ತಿಳಿಯುವಂತಿರಬೇಕು.

ತೂಕವನ್ನೂ ಗಮನಿಸಿ. ಸ್ಪರ್ಧೆಯಲ್ಲಿ 1,500 ಗ್ರಾಂವರೆಗೆ ಅವಕಾಶವಿದ್ದರೂ ಹೆಚ್ಚಿನ ಪಿಸ್ತೂಲುಗಳು ಒಂದು ಕಿಲೋ ಆಸುಪಾಸು ಇರುತ್ತವೆ. ಮೊದಲ ವರ್ಷ ಹಗುರವೇ ಇರಲಿ. ಭಾರದ ತುಂಡುಗಳನ್ನು ಆಮೇಲೆ ಸೇರಿಸಬಹುದು, ಭುಜದ ನೋವನ್ನು ಆಮೇಲೆ ಕಳೆಯಲಾಗುವುದಿಲ್ಲ.

ಹಣದ ಮಾತು. ಮೇಲೆ ಹೇಳಿದ ಕಂಪನಿಗಳ ದೊಡ್ಡ ಮಾದರಿಗಳು ಲಕ್ಷ ರೂಪಾಯಿ ದಾಟುತ್ತವೆ. ಹ್ಯಾಮರ್ಲಿ ಎಪಿ20, ಸ್ಟೈಯರ್ ಎಲ್‌ಪಿ2 ಕಲಿಯುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು; ಅಪ್ಪನ ಅಡಿಕೆ ದುಡ್ಡಿಗೆ ನಾನು ಇವುಗಳತ್ತ ಕೈ ತೋರಿಸುತ್ತೇನೆ. ಆದರೆ ತಕ್ಷಣ ಬೇಡ. ಒಂದು ಮಳೆಗಾಲ ರೇಂಜ್‌ನ ಪಿಸ್ತೂಲುಗಳಲ್ಲಿಯೇ ಅಭ್ಯಾಸ ಮಾಡಿ, ಸಿಕ್ಕವರದ್ದನ್ನೆಲ್ಲ ಕೇಳಿ ಹಿಡಿದು ನೋಡಿ. ಕೋಚ್ ಎದುರಿಗೆ ನಿಂತು ನಿಮ್ಮ ಕೈ ನೋಡಿದ ಮೇಲೆಯೇ ಹಣ ಕೊಡಿ.

ಪ್ರಶ್ನೆ: ನಮ್ಮ ಮನೆ ಸಮುದ್ರಕ್ಕೆ ಬಹಳ ಹತ್ತಿರ. ಕಿಟಕಿಯ ಸರಳುಗಳೇ ಉಪ್ಪುಗಾಳಿಗೆ ಉದುರುತ್ತವೆ. ಇಲ್ಲಿ ಪಿಸ್ತೂಲು ಬಾಳುತ್ತದೆಯೇ? ಗಾಳಿ ತುಂಬಿಸುವುದು ಎಲ್ಲಿ?
— ಓದುಗರು, ಕಾರವಾರ

ಉತ್ತರ: ಬಾಳುತ್ತದೆ, ಜತನ ಮಾಡಿದರೆ. ಮೊದಲನೆಯದಾಗಿ, ಪಿಸ್ತೂಲಿನ ಜೊತೆ ಬರುವ ಸ್ಪಂಜಿನ ಪೆಟ್ಟಿಗೆ ಒಯ್ಯುವುದಕ್ಕೆ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರೊಳಗೆ ಮುಚ್ಚಿಟ್ಟರೆ ಸ್ಪಂಜು ತೇವ ಕುಡಿದು, ಆ ತೇವ ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತದೆ. ಬೀಗವಿರುವ ಗೋದ್ರೇಜ್ ಕಪಾಟಿನಲ್ಲಿ, ಹತ್ತಿಯ ಬಟ್ಟೆಯ ಮೇಲೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ರೇಂಜ್‌ನಿಂದ ಬಂದ ಕೂಡಲೇ ಬೆವರು ತಾಗಿದ ಲೋಹದ ಭಾಗಗಳನ್ನು ಒರೆಸಿ, ಹೊರಮೈಗೆ ತೆಳುವಾಗಿ ಎಣ್ಣೆ ಸವರಿ. ಹಿಡಿಕೆಯ ವಾಲ್‌ನಟ್ ಮರ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಕೊಂಚ ಉಬ್ಬುವುದೂ ಉಂಟು. ಒಣಬಟ್ಟೆಯಿಂದ ಒರೆಸಿ ಗಾಳಿಗಿಡಿ, ಬಿಸಿಲಿಗೆ ಬೇಡ. ಪೆಲೆಟ್‌ಗಳ ಡಬ್ಬಿಯನ್ನೂ ಬಿಗಿಯಾಗಿ ಮುಚ್ಚಿ. ತೇವ ತಾಗಿದ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಪೆಲೆಟ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಅವಲಕ್ಕಿ ಡಬ್ಬಿಗೆ ಕೈ ಹಾಕಬಾರದು, ಮಕ್ಕಳಂತೂ ಖಂಡಿತ ಹಾಕಬಾರದು.

ಗಾಳಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು. ಒತ್ತಿದ ಗಾಳಿಯ ಪುಟ್ಟ ಸಿಲಿಂಡರ್ ಜೋಡಿಸಿದ ಪಿಸ್ತೂಲಿಗೆ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ಬೇಕು. ಕೈಪಂಪಿನಿಂದ ತುಂಬಿಸಬಹುದು, ಆದರೆ ನಮ್ಮ ಕರಾವಳಿಯ ಹಸಿ ಗಾಳಿಯನ್ನೇ ಅದು ಒಳಗೆ ತಳ್ಳುತ್ತದೆ. ತೇವ ಸೋಸುವ ಫಿಲ್ಟರ್ ಇಲ್ಲದ ಪಂಪು ಬೇಡ. ಇದಕ್ಕಿಂತ ಒಳ್ಳೆಯದು ಮುಳುಗುಗಾರರು ಬಳಸುವ ಸ್ಕೂಬಾ ಸಿಲಿಂಡರ್. ಅದರ ಗಾಳಿ ಒಣಗಿಸಿ, ಸೋಸಿ ತುಂಬಿಸಿದ್ದು. ಮುರ್ಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗರನ್ನು ಮುಳುಗಲು ಕರೆದೊಯ್ಯುವವರು ಇರುವ ಜಿಲ್ಲೆ ನಮ್ಮದು. ನಿಮ್ಮ ರೇಂಜ್‌ನವರು ಸೇರಿ ಒಂದು ದೊಡ್ಡ ಸಿಲಿಂಡರ್ ಇಟ್ಟುಕೊಂಡು, ಅಂಥವರಲ್ಲಿ ವಿಚಾರಿಸಿ ತುಂಬಿಸುವ ವ್ಯವಸ್ಥೆ ಮಾಡಬಹುದು. ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಮಾತ್ರ ಎಂದಿಗೂ ತುಂಬಿಸಬೇಡಿ. ಎಣ್ಣೆಯ ಪಸೆ ತಾಗಿದರೆ ಅದು ಸ್ಫೋಟಿಸುತ್ತದೆ. ಇದೇ ಕಾರಣಕ್ಕೆ ಸಿಲಿಂಡರಿನ ಬಾಯಿಗೆ, ರಬ್ಬರ್ ಉಂಗುರಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಕೂಡದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ.

ಗಾಳಿ ತುಂಬಿಸುವ ಯಾವ ದಾರಿಯೂ ಇಲ್ಲದ ಊರಿನವರಿಗೆ ಪ್ರತಿ ಹೊಡೆತಕ್ಕೆ ಒಮ್ಮೆ ಸನ್ನೆಕೋಲು ಎಳೆದು ಮಡಚುವ ಪಿಸ್ತೂಲುಗಳಿವೆ, ವೈಹ್ರಾಖ್ ಎಚ್‌ಡಬ್ಲ್ಯು 75ರಂಥವು. ಸಿಲಿಂಡರಿನ ರಗಳೆ ಇಲ್ಲ. ಅರವತ್ತು ಸಲ ಎಳೆದಾಗ ತೋಳು ಸೋಲುತ್ತದೆ, ಅದೊಂದೇ ಕೊರತೆ.

ಪ್ರಶ್ನೆ: ಪರಿಚಯದವರೊಬ್ಬರು ಆಟ ಬಿಟ್ಟು ತಮ್ಮ ಸ್ಟೈಯರ್ ಎಲ್‌ಪಿ10 ಮಾರುತ್ತಿದ್ದಾರೆ. ಬೆಲೆ ಅರ್ಧ. ಕೊಳ್ಳಬಹುದೇ?
— ಓದುಗರು, ಹೊನ್ನಾವರ

ಉತ್ತರ: ಪಿಸ್ತೂಲಿಗಿಂತ ಮೊದಲು ಸಿಲಿಂಡರ್ ತಿರುಗಿಸಿ ನೋಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಸಾಮಾನ್ಯವಾಗಿ ಆಯುಷ್ಯ ಹತ್ತು ವರ್ಷ. ಅವಧಿ ಮುಗಿದ ಸಿಲಿಂಡರ್ ಸ್ಪರ್ಧೆಯಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 200 ಬಾರ್ ಒತ್ತಡವನ್ನು ಮುಖದ ಹತ್ತಿರ ಹಿಡಿದು ನಿಲ್ಲುವವರು ನೀವು. ಹೊಸ ಸಿಲಿಂಡರಿನ ಬೆಲೆಯನ್ನು ಕಳೆದು ಮಾತಾಡಿ. ತುಂಬಿಸಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಒತ್ತಡ ಇಳಿದಿದೆಯೇ ಎಂದು ನೋಡಿ. ಹಿಡಿಕೆಯನ್ನು ಹಿಂದಿನವರು ತಮ್ಮ ಕೈಗೆ ತಕ್ಕಂತೆ ಕೆತ್ತಿಸಿಕೊಂಡಿದ್ದರೆ ಅದು ನಿಮಗೆ ದಂಡ. ಬಿಲ್ ಇಲ್ಲದಿದ್ದರೆ ಕೊಳ್ಳಲೇಬೇಡಿ. ಇವೆಲ್ಲ ಸರಿಯಿದ್ದರೆ ಧೈರ್ಯವಾಗಿ ಕೊಳ್ಳಿ, ಎಲ್‌ಪಿ10 ಬಹಳ ಒಳ್ಳೆಯ ಪಿಸ್ತೂಲು.

ರಿಪೇರಿ ಯಾರು ಮಾಡುತ್ತಾರೆ ಎಂದೂ ಈಗಲೇ ವಿಚಾರಿಸಿಡಿ. 2021ರಲ್ಲಿ ಟೋಕಿಯೊದಲ್ಲಿ ಸ್ಪರ್ಧೆಯ ನಡುವೆಯೇ ಪಿಸ್ತೂಲು ಕೆಟ್ಟು ಮನು ಭಾಕರ್ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡರು. ಅವರ ಪಕ್ಕದಲ್ಲಿ ತಂಡವಿತ್ತು. ನಮಗೆ ಬಿಡಿಭಾಗ ದೂರದ ಊರಿನಿಂದ ಕೊರಿಯರ್‌ನಲ್ಲಿ ಬರಬೇಕು.

ಪ್ರಶ್ನೆ: ವಯಸ್ಸು 46. ಓದಲು ಕನ್ನಡಕ ಬೇಕು. ಪಿಸ್ತೂಲು ಹಿಡಿದರೆ ಗುರಿ ಕಾಣುತ್ತದೆ, ಮುಂಗಡ್ಡಿ ಮಸುಕು. ತಡವಾಯಿತೇ?
— ಓದುಗರು, ಕುಮಟಾ

ಉತ್ತರ: ತಡವಾಗಿಲ್ಲ. ಈ ಆಟದಲ್ಲಿ ಸ್ಪಷ್ಟವಾಗಿ ಕಾಣಬೇಕಾದದ್ದು ಮುಂಗಡ್ಡಿ. ಗುರಿಹಲಗೆ ಮಸುಕಾದ ಕಪ್ಪು ಚುಕ್ಕೆಯಾಗಿ ಕಂಡರೆ ಸಾಕು. ಓದುವ ಕನ್ನಡಕ ಇಲ್ಲಿ ನಡೆಯುವುದಿಲ್ಲ, ಅದು ಪುಸ್ತಕದ ದೂರಕ್ಕೆ ಮಾಡಿದ್ದು. ಕಣ್ಣಿನ ವೈದ್ಯರಲ್ಲಿ ಹೋಗಿ, ಕಣ್ಣಿನಿಂದ ಮುಂಗಡ್ಡಿಗೆ ಇರುವ ದೂರವನ್ನು ಅಳೆದು ಹೇಳಿ. ದೂರ ನೋಡಲು ಇರುವ ಪವರ್‌ಗೆ ಸಾಮಾನ್ಯವಾಗಿ +0.50 ಅಥವಾ +0.75 ಸೇರಿಸಿದರೆ ಸಾಕಾಗುತ್ತದೆ. ಎರಡು ಪವರ್ ಇರುವ ಕನ್ನಡಕ ಬೇಡ. ಯಾವ ಕಣ್ಣು ಪ್ರಧಾನ ಎಂಬುದನ್ನೂ ಪರೀಕ್ಷಿಸಿಕೊಳ್ಳಿ. ಬಲಗೈಯವರಾಗಿ ಎಡಗಣ್ಣು ಪ್ರಧಾನವಾಗಿದ್ದರೆ ಹಿಡಿಕೆ ಕೊಳ್ಳುವ ಮೊದಲೇ ಕೋಚ್‌ಗೆ ತಿಳಿಸಬೇಕು. ಬಳಸದ ಕಣ್ಣನ್ನು ಮುಚ್ಚಿ ದಣಿಸುವ ಬದಲು ಕನ್ನಡಕದ ಮೇಲೆ ಸಣ್ಣ ಮರೆ ಅಂಟಿಸಿ, 30 ಮಿ.ಮೀ. ಅಗಲದವರೆಗೆ ನಿಯಮದಲ್ಲಿ ಅವಕಾಶವಿದೆ.

ಪ್ರಶ್ನೆ: ನಮ್ಮಲ್ಲಿ ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸ್ ಇದೆ. ಅದರಲ್ಲಿಯೇ .32 ರಿವಾಲ್ವರ್ ಸೇರಿಸಿಕೊಂಡು ಗುರಿ ಅಭ್ಯಾಸ ಮಾಡಬಹುದೇ?
— ಓದುಗರು, ಸಿದ್ದಾಪುರ

ಉತ್ತರ: ಆ ಲೈಸೆನ್ಸ್ ಆ ಕೋವಿಗೆ, ಆ ಉದ್ದೇಶಕ್ಕೆ ಕೊಟ್ಟದ್ದು. ರಿವಾಲ್ವರ್‌ಗೆ ಬೇರೆಯೇ ಅರ್ಜಿ, ಬೇರೆಯೇ ಕಾರಣ ಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರಿಗೆ ಎರಡೇ ಬಂದೂಕು. ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್ ಆತ್ಮರಕ್ಷಣೆಗೆಂದು ಮಾಡಿದ ಗಿಡ್ಡ ನಳಿಗೆಯ ಆಯುಧ. ವರ್ಷಕ್ಕೆ ಸಿಗುವ ತೋಟೆಗಳಿಗೆ ಮಿತಿಯಿದೆ, ಅಭ್ಯಾಸಕ್ಕೆ ಅವು ಎಲ್ಲಿ ಸಾಕಾದಾವು? ಏರ್ ಪಿಸ್ತೂಲಿನಲ್ಲಿ ಒಂದು ಸಂಜೆಗೇ ಅರವತ್ತು, ಎಂಬತ್ತು ಹೊಡೆತ ಹೊಡೆಯಬಹುದು. ಚುನಾವಣೆ ಬಂತೆಂದು ಅದನ್ನು ಕೋವಿಯಂತೆ ಠಾಣೆಗೆ ಒಪ್ಪಿಸುವ ಓಡಾಟವೂ ಇಲ್ಲ.

ಪ್ರಶ್ನೆ: ಏರ್ ಪಿಸ್ತೂಲು ತಂದರೆ ತೋಟದ ಮಂಗಗಳನ್ನೂ ಓಡಿಸಬಹುದಲ್ಲವೇ?
— ಓದುಗರು, ಯಲ್ಲಾಪುರ

ಉತ್ತರ: ಇಲ್ಲ. ವನ್ಯಜೀವಿಗಳಿಗೆ 1972ರ ಕಾಯ್ದೆಯ ರಕ್ಷಣೆ ಇದೆ. ಪೆಲೆಟ್ ಕೊಲ್ಲದೆ ಒಳಗೇ ಉಳಿದು ಪ್ರಾಣಿಯನ್ನು ದಿನಗಟ್ಟಲೆ ನರಳಿಸುತ್ತದೆ. ಈ ಯೋಚನೆ ಇರುವವರೆಗೆ ದಯವಿಟ್ಟು ಪಿಸ್ತೂಲು ಕೊಳ್ಳಬೇಡಿ.

ಪ್ರಶ್ನೆ: ರೇಂಜ್ ದೂರ. ಮನೆಯಲ್ಲಿಯೇ ಅಭ್ಯಾಸ ಮಾಡುವ ದಾರಿ ಇದೆಯೇ?
— ಓದುಗರು, ಅಂಕೋಲಾ

ಉತ್ತರ: ಇದೆ, ಅದಕ್ಕೆ ಹತ್ತು ಮೀಟರ್ ಜಾಗವೂ ಬೇಡ. ಪಿಸ್ತೂಲು ಕೊಳ್ಳುವಾಗಲೇ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಒಳ್ಳೆಯ ಸ್ಪರ್ಧಾ ಪಿಸ್ತೂಲುಗಳಲ್ಲಿ ಅದು ಇರುತ್ತದೆ. ನಳಿಗೆ ಖಾಲಿ ಎಂದು ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಬರಿಯ ಬಿಳಿ ಗೋಡೆಯ ಎದುರು ನಿಲ್ಲಿ. ಗುರಿಹಲಗೆ ಬೇಡ. ಮುಂಗಡ್ಡಿಯನ್ನು ಮಾತ್ರ ನೋಡುತ್ತಾ, ಅದು ಅಲುಗದಂತೆ ಟ್ರಿಗರ್ ಎಳೆಯಿರಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಕೈ ನಡುಗಲು ಶುರುವಾದ ಕೂಡಲೇ ನಿಲ್ಲಿಸಿ.

ಪೆಲೆಟ್ ಹೊಡೆಯಲೇಬೇಕೆಂದರೆ ಉದ್ದನೆಯ ಜಗಲಿ ಇರುವ ಮನೆಯಲ್ಲಿ ಆದೀತು. ಗುರಿಯ ಹಿಂದೆ ಪೆಲೆಟ್ ಹಿಡಿದಿಡುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಭದ್ರವಾದ ಗೋಡೆ ಇರಲಿ. ನೀವು ನಿಂತಲ್ಲಿಂದ ಗುರಿಯವರೆಗೆ ಯಾವ ಬಾಗಿಲೂ ತೆರೆದುಕೊಳ್ಳಬಾರದು. ಹಲಗೆಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ, ಅದರ ಮೇಲೆ ಬೆಳಕು ಬೀಳಲಿ. ಎಲ್ಲರಿಗೂ ಕಣ್ಣಿನ ರಕ್ಷಣೆಯ ಕನ್ನಡಕ ಕಡ್ಡಾಯ. ಜಾಗವನ್ನು ಅಳೆದು, ಎರಡೂ ಬದಿಯಿಂದ ಫೋಟೊ ತೆಗೆದು ಕಳುಹಿಸಿದರೆ, ಹೊಡೆಯಲು ಆರಂಭಿಸುವ ಮೊದಲು ನಾನೇ ನೋಡಿ ಹೇಳುತ್ತೇನೆ.